ಗುಳ್ಳೆ ಬಿಡದ ಮುದುಕಿ

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಂಬಿಕೆ ಇಟ್ಟುಕೊಂಡೇ ನಾನು ಗೊರೇಬಾಳದಿಂದ ಅಂಡಮಾನಕ್ಕೆ ಹೊರಟೆ. ಹೋಗುವಾಗ ಆ ನಂಬಿಕೆ ನನ್ನ ಜೊತೆಗೇ ವಿಮಾನ ಹತ್ತಿತು. ಬರುವಾಗ ಹತ್ತಲಿಲ್ಲ.

ಆ ನಂಬಿಕೆ ಎಲ್ಲಿಂದ ಬಂತು ಎಂದು ಮೊದಲು ಹೇಳಿಬಿಡುತ್ತೇನೆ. ನನ್ನ ತವರು ಮಸ್ಕಿ ಹತ್ತಿರದ ಒಂದು ಹಳ್ಳಿ. ಅಲ್ಲೊಂದು ಕಲ್ಲು ಕಟ್ಟಿದ ಬಾವಿ. ಅದರ ತಳದಲ್ಲಿ, ನೀರಿನ ಒಳಗೇ, ಪಕ್ಕಕ್ಕೆ ಕೊರೆದಂತೆ ಒಂದು ಗವಿ. ಹೆಂಗಸರ ಕೈಜಾರಿ ಬಿದ್ದ ಕೊಡಗಳು ಉರುಳಿಕೊಂಡು ಹೋಗಿ ಆ ಗವಿಯಲ್ಲೇ ಕೂಡುತ್ತಿದ್ದವು. ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಇಳಿಬಿಟ್ಟರೆ ಅದರ ಕಬ್ಬಿಣದ ಕೊಕ್ಕೆಗಳಿಗೆ ತಳದ ಕೊಡ ಸಿಗುತ್ತಿತ್ತು, ಗವಿಯ ಕೊಡ ಸಿಗುತ್ತಿರಲಿಲ್ಲ. ಪಾತಾಳಗರಡಿ ಸೋತ ಮೇಲೆ ನನ್ನನ್ನು ಕರೆಯುತ್ತಿದ್ದರು. ನಾನು ದಮ್ಮು ಹಿಡಿದು ಮುಳುಗಿ, ಕತ್ತಲ ನೀರಲ್ಲಿ ಕೈಯಾಡಿಸಿ, ಕೊಡದ ಕಂಠ ಹಿಡಿದುಕೊಂಡೇ ಮೇಲೆ ಬರುತ್ತಿದ್ದೆ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು ಪಡೆದ ಏಕೈಕ ಪದವಿ ಅದು.

ನನ್ನ ಅಳಿಯ ಶರಣಪ್ಪ ಲಿಂಗಸುಗೂರಿನಲ್ಲಿ ಸರ್ಕಾರಿ ನೌಕರ. ಸರ್ಕಾರ ಕೊಡುವ ಪ್ರವಾಸದ ರಜೆ ಹಾಕಿ ಹೆಂಡತಿ, ಮಗಳನ್ನು ಕರೆದುಕೊಂಡು ಅಂಡಮಾನಕ್ಕೆ ಹೊರಟಿದ್ದ. ಅತ್ತೆಯನ್ನು ಯಾಕೆ ಕರೆದ? ಪ್ರೀತಿಯಿಂದ ಅಲ್ಲ. ಮೊಮ್ಮಗಳು ಗೌರಿ ಹೋದ ವರ್ಷ ಗೆಳತಿಯರ ಜೊತೆ ಅಲ್ಲಿಗೆ ಹೋಗಿ ಸಮುದ್ರದೊಳಗೆ ಇಳಿಯುವುದನ್ನು ಕಲಿತು ಬಂದಿದ್ದಳು. ಈಗ ಅಲ್ಲೇ ಆರು ತಿಂಗಳು ಇದ್ದು, ಅದನ್ನೇ ಬೇರೆಯವರಿಗೆ ಕಲಿಸುವ ಕೋರ್ಸು ಮಾಡುತ್ತೇನೆ ಅಂತ ಹಟ ಹಿಡಿದಿದ್ದಳು. ಬೇಡ ಅನ್ನುವ ಧೈರ್ಯ ಅಪ್ಪನಿಗೆ ಇರಲಿಲ್ಲ. "ನಿಮ್ಮಜ್ಜಿ ಬಂದು ನೋಡಿ ಹ್ಞೂಂ ಅಂದ್ರ ನನ್ನದೂ ಹ್ಞೂಂ" ಅಂದುಬಿಟ್ಟ. ನಾನು ಹ್ಞೂಂ ಅನ್ನುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಜೊತೆಗೆ "ಬ್ಯಾಡ" ಎಂಬ ಮಾತನ್ನೂ ಗಂಟುಕಟ್ಟಿಕೊಂಡೇ ಹೊರಟಿದ್ದೆ.

ಪಕ್ಕದ ಮನೆ ಈರಮ್ಮ ಬಾಗಿಲಿಗೇ ಅಡ್ಡ ನಿಂತಳು. "ಈ ವಯಸ್ಸಿನಾಗ ನಿನಗ ಸಮುದ್ರ ಯಾಕಬೇ? ಕಾಲುವಿ ಸಾಲದಾತೇನು?"

"ಒಳಗ ಏನೈತಿ ಅಂತ ನೋಡಿ ಬಂದು ಹೇಳ್ತೀನಿ, ತಡಿ" ಅಂದೆ.

ದಾರಿಯಲ್ಲಿ ಗೌರಿ ಮೊಬೈಲು ತೋರಿಸಿದಳು. "ಇಲ್ನೋಡಜ್ಜಿ, ನೆಲದ ಕೆಳಗ ಸಿಹಿನೀರಿನ ಗವಿ. ಬ್ಯಾರೆ ದೇಶದಾಗ ಐತಿ. ಚಲೋತ್ನಾಗಿ ಕಲತ್ರ ಮುಂದ ಇಂಥಾದ್ರಾಗೂ ಇಳೀಬಹುದು."

"ಬ್ಯಾಟರಿ ಹಿಡಕೊಂಡು ಇಳದಾರಲ್ಲ! ನಾ ಬ್ಯಾಟರಿ ಇಲ್ಲದ ಇಳದೀನಿ."

"ಅವರೇನು ಕೊಡ ತೆಗ್ಯಾಕ ಇಳದಾರೇನಜ್ಜಿ? ನೋಡಾಕ ಇಳದಾರ."

"ನೀರಾಗ ನೋಡೂದೇನೈತಿ?" ಅಂದೆ. ಹುಡುಗಿ ಮೊಬೈಲು ಒಳಗಿಟ್ಟಳು. ಗೆದ್ದೆ ಅಂದುಕೊಂಡೆ.

ಅಂಡಮಾನದಲ್ಲಿ ನೀರಿಗೆ ಇಳಿಯುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಆಧಾರ್ ಕಾರ್ಡಿನಲ್ಲಿ ನನ್ನ ವಯಸ್ಸು ಐವತ್ತೆಂಟು. ಬರೆದುಕೊಂಡವನು ನನ್ನ ಮುಖ ನೋಡಿ ಬರೆದದ್ದು. ಮುಖ ಒಪ್ಪಿದ ಲೆಕ್ಕವನ್ನು ಮಂಡಿ ಒಪ್ಪುವುದಿಲ್ಲ, ಆದರೆ ಫಾರಂನಲ್ಲಿ ಮಂಡಿಯನ್ನು ಯಾರೂ ಕೇಳಲಿಲ್ಲ. ಕಲಿಸುವ ಮಾಸ್ತರ ಗಡ್ಡ ನೆರೆತ ಮನುಷ್ಯ, ಹಿಂದಿಯವನು. ಏನಾದರೂ ರೋಗ ಇದೆಯೇ ಅಂದ. ಸಿಂಧನೂರು ಬಜಾರಿನಲ್ಲಿ ಕಲಿತ ಉರ್ದುವಿನಲ್ಲಿ "ಕುಚ್ ನೈ, ಸಬ್ ಬರಾಬರ್" ಅಂದೆ. ನಾನೂ ಇಳಿಯುತ್ತೇನೆ ಎಂಬುದು ನನ್ನದೇ ನಿರ್ಧಾರ. ಇಳಿದು ನೋಡಿ "ಬ್ಯಾಡ" ಅಂದರೆ ಆ ಮಾತಿಗೆ ತೂಕ ಬರುತ್ತದಲ್ಲ!

ಆಮೇಲೆ ರಬ್ಬರಿನ ಅಂಗಿ. ಮೆಣಸಿನಕಾಯಿಯನ್ನು ತುಳಿದು ತುಳಿದು ಚೀಲಕ್ಕೆ ತುಂಬುತ್ತಾರಲ್ಲ, ಹಾಗೆ ಮಗಳು, ಮೊಮ್ಮಗಳು ಸೇರಿ ನನ್ನನ್ನು ಅದರೊಳಗೆ ತುಂಬಿದರು. ಸೀರೆ ಇಲ್ಲದ ಅತ್ತೆಯನ್ನು ನೋಡಬಾರದೆಂದು ಅಳಿಯ ಆ ಕಡೆ ಮುಖ ತಿರುಗಿಸಿ ನಿಂತ. ದೋಣಿ ಹತ್ತಿದರೂ ತಿರುಗಲಿಲ್ಲ. ಮಗಳು ದೋಣಿಗೆ ಹೆದರಿ ದಂಡೆಯಲ್ಲೇ ಉಳಿದಳು.

ಮಾಸ್ತರ ನನ್ನ ಕೊರಳು ತೋರಿಸಿ, ಅದನ್ನು ತೆಗೆದಿಡಿ ಅಂದ.

ಅದು ನನ್ನ ಇಷ್ಟಲಿಂಗ. ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಕಟ್ಟಿಕೊಂಡದ್ದು. ನಾನು ಇನ್ನೂ ಕೊಡ ತೆಗೆಯುವ ಹುಡುಗಿಯಾಗಿದ್ದಾಗ ಗುರುಗಳು ಕಟ್ಟಿದ್ದು. ಅಂದಿನಿಂದ ಮೈಬಿಟ್ಟು ಹೋಗಿಲ್ಲ. ಹೆರಿಗೆಯಲ್ಲಿ ತೆಗೆದಿಲ್ಲ, ಗಂಡ ತೀರಿದ ದಿನ ತೆಗೆದಿಲ್ಲ. ಅದು ಮೈಮೇಲೆ ಇಲ್ಲದಿದ್ದರೆ ನಾನು ಒಂದು ಗುಟುಕು ನೀರೂ ಕುಡಿಯುವಂತಿಲ್ಲ.

"ತೆಗ್ಯೂದಿಲ್ಲ" ಅಂದೆ.

"ಹಂಗಾರ ಅಂಗಿಯೊಳಗ ಸೇರಸ್ತೀನಿ ತಡಿ ಅಜ್ಜಿ, ಭದ್ರ ಇರತೈತಿ" ಅಂದಳು ಗೌರಿ.

"ನನಗ ಇದ್ರಾಗ ಉಸಿರಾಡಾಕ ಆಗವಲ್ದು, ಲಿಂಗಪ್ಪನ್ನ ತುರುಕ್ತೀಯೇನು? ಹೊರಗ ಇರ್ಲಿ."

ಹೊರಗೇ ಇರಿಸಿದೆ. ಇದಕ್ಕೆ ಬೇರೆ ಯಾರನ್ನೂ ಬೈಯುವಂತಿಲ್ಲ.

ಮಾಸ್ತರ ಒಂದೇ ನಿಯಮವನ್ನು ಹತ್ತು ಸಲ ಹೇಳಿದ. ದಮ್ಮು ಹಿಡಿಯಬೇಡಿ, ಬಾಯಿಯಲ್ಲಿಟ್ಟ ನಳಿಕೆಯಿಂದ ಉಸಿರು ಎಳೆಯುತ್ತಿರಿ, ಬಿಡುತ್ತಿರಿ. ನಾನು ಗೋಣು ಹಾಕಿದೆ. ಪಾಪ, ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೇನು ಗೊತ್ತು!

ಮುಖಕ್ಕೆ ಗಾಜು ಕಟ್ಟಿ ಇಳಿಸಿದರು. ಒಂದೂವರೆ ಆಳು ನೀರು, ಅಷ್ಟೆ. ತಲೆ ಮುಳುಗಿದ್ದೇ ತಡ, ನನ್ನ ಮೈಗೆ ಮಾಸ್ತರನ ಪಾಠ ಮರೆತು ಮಸ್ಕಿಯ ಬಾವಿ ನೆನಪಾಯಿತು. ಗಚ್ಚನೆ ದಮ್ಮು ಹಿಡಿದೆ. ಬೆನ್ನ ಮೇಲೆ ಒಂದು ಸಿಲಿಂಡರು ತುಂಬ ಗಾಳಿ ಇತ್ತು. ನಾನು ಮುಟ್ಟಲಿಲ್ಲ. ಬೇರೆಯವರ ಗಾಳಿ ನನಗೇಕೆ?

ನೀರೊಳಗೆ ಮನುಷ್ಯ ಬದುಕಿದ್ದಾನೆ ಅನ್ನುವುದಕ್ಕೆ ಅವನ ಬಾಯಿಂದ ಹೊರಡುವ ಗುಳ್ಳೆಗಳೇ ಸಾಕ್ಷಿಯಂತೆ. ನನ್ನಿಂದ ಒಂದು ಗುಳ್ಳೆಯೂ ಹೊರಡಲಿಲ್ಲ. ಮಾಸ್ತರ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಭೇಷ್ ಅನ್ನುತ್ತಿದ್ದಾನೆ ಎಂದು ತಿಳಿದು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವನು ನನ್ನ ಹೊಟ್ಟೆಯನ್ನು ಒತ್ತಿ ದಮ್ಮು ಬಿಡಿಸಿ, ಎದೆಯ ಹತ್ತಿರ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಮೇಲಕ್ಕೆ ಎಳೆದು ತಂದ.

"ಮುದುಕಿ ಉಸಿರೇ ಆಡುತ್ತಿಲ್ಲ!" ಎಂದು ಹಿಂದಿಯಲ್ಲಿ ಕೂಗಿದ.

ದೋಣಿಯಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದ ಅಳಿಯ, ಮುಖ ತಿರುಗಿಸದೆಯೇ ಬೋರೆಂದು ಅತ್ತ. "ಅಯ್ಯೋ, ಅತ್ತಿ ಹೋದ್ರಲ್ಲೋ!"

"ಎಲ್ಲಿ ಹೋಗೀನಿ? ಇಲ್ಲೇ ಅದೀನಿ!" ಅಂದೆ. ಅಂದು, ರೂಢಿಯಂತೆ ಕೈ ಕೊರಳಿಗೆ ಹೋಯಿತು.

ಕೊರಳಲ್ಲಿ ಏನೂ ಇರಲಿಲ್ಲ.

ಎಳೆದಾಟದಲ್ಲಿ ಶಿವದಾರ ಹರಿದಿತ್ತು. ಊರವರ ಕೊಡಗಳನ್ನೆಲ್ಲ ತೆಗೆದುಕೊಟ್ಟವಳು ನಾನು. ನನ್ನದು ಬಿದ್ದರೆ ನಾನೇ ಇಳಿಯಬೇಕು. ಬೆನ್ನಿನ ಸಾಮಾನು ಕಿತ್ತು ಮಾಸ್ತರನ ಕೈಗೆ ಕೊಟ್ಟು, ತಲೆ ಕೆಳಗೆ ಮಾಡಿ ಮುಳುಗು ಹೊಡೆದೆ. ಆ ರಬ್ಬರಿನ ಅಂಗಿ ಸೋರೆಬುರುಡೆಯಂತೆ ನನ್ನನ್ನು ಮೇಲಕ್ಕೆ ತಂದು ಬಿಟ್ಟಿತು. ಮತ್ತೆ ಹೊಡೆದೆ. ಮತ್ತೆ ಬಂದೆ. ಮೂರನೆಯ ಸಲ ದಮ್ಮೂ ಸಾಲದೆ ಬಾಯಿ ತೆರೆದು ಉಪ್ಪುನೀರು ಕುಡಿದೆ. ಲಿಂಗವಿಲ್ಲದೆ ನೀರು ಕುಡಿಯಬಾರದೆಂಬ ನೇಮವೂ ಅಲ್ಲೇ ಮುರಿಯಿತು. ಅದೂ ಎಂಥ ನೀರಿನಿಂದ!

ಗೌರಿ ನನ್ನನ್ನು ದೋಣಿಗೆ ಹತ್ತಿಸಿದಳು. "ಅಜ್ಜೀ, ನೀ ಸುಮ್ಮ ಕುಂದ್ರು. ಎಲ್ಲಿ ಬಿತ್ತು, ಅಷ್ಟ ಹೇಳು."

ನಾನು ನಾಲ್ಕೂ ದಿಕ್ಕಿಗೆ ಕೈ ತೋರಿಸಿದೆ.

ಅವಳು ಸಿಲಿಂಡರು ಕಟ್ಟಿಕೊಂಡು ಇಳಿದಳು. ಮಾಸ್ತರ ಇನ್ನೊಂದು ಕಡೆ ಇಳಿದ. ಆಗ ಅಳಿಯ ಮೊದಲ ಸಲ ಈ ಕಡೆ ತಿರುಗಿದ.

"ಅತ್ತಿಯವರ, ಸಿಗಲಿಲ್ಲಂದ್ರ ಏನ್ ಮಾಡೂದ್ರಿ?"

"ನೀವು ಲಿಂಗಸುಗೂರಿಗೆ ಹೋಗ್ರಿ. ನಾ ಇಲ್ಲೇ ಕುಂತಿರ್ತೀನಿ."

ನೀರಿನ ಮೇಲೆ ಎರಡು ಕಡೆ ಗುಳ್ಳೆಗಳು ಏಳುತ್ತಿದ್ದವು. ಮಾಸ್ತರನವು ದಪ್ಪ. ಗೌರಿಯವು ಸಣ್ಣವು, ಒಂದೇ ಸಮನೆ ಬರುತ್ತಿದ್ದವು. ನಾನು ಅವುಗಳ ಮೇಲೇ ಕಣ್ಣು ನೆಟ್ಟು ಕೂತೆ. ಅವು ದೂರ ದೂರ ಹೋದವು. ಒಂದು ಬಂಡೆಯ ಹತ್ತಿರ ಹೋಗಿ ನಿಂತುಹೋದವು.

ನಿಂತೇ ಹೋದವು.

"ಲಿಂಗ ಹೋದ್ರ ಹೋಗಲೆಪ್ಪಾ ಶಿವನೇ, ನನ್ನ ಹುಡುಗಿ ಬರಲಿ" ಅಂದೆ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟೇ ಅಂದೆ. ಅಳಿಯ ಕೇಳಿಸಿಕೊಂಡು ಸಮುದ್ರ ನೋಡಿದ.

ಬಂಡೆಯ ಆಚೆ ಬದಿಯಲ್ಲಿ ಮತ್ತೆ ಗುಳ್ಳೆ ಎದ್ದವು. ಹಿಂದೆಯೇ ಗೌರಿಯ ತಲೆ. ಹಿಂದೆಯೇ ಅವಳ ಕೈ. ಕೈಯಲ್ಲಿ ಕರಡಿಗೆ.

"ಬಂಡಿ ಬುಡಕ್ಕ ಸಣ್ಣ ಗವಿ ಐತಜ್ಜಿ" ಅಂದಳು, ಏದುಸಿರು ಬಿಡುತ್ತಾ. "ಉರುಳಿ ಹೋಗಿ ಅದರಾಗ ಕುಂತಿತ್ತು."

ಎರಡೂ ಕೈ ಚಾಚಿ ಕರಡಿಗೆ ಇಸಿದುಕೊಂಡೆ.

ದೋಣಿಯಲ್ಲಿದ್ದ ಒಂದು ದಾರ ತೆಗೆದು ಗೌರಿಯೇ ಕಟ್ಟಿದಳು. ಲಿಂಗವನ್ನು ಅಂಗೈಯಲ್ಲಿಟ್ಟು ಕೈಮುಗಿದು, ಒಂದು ಗುಟುಕು ಸಿಹಿನೀರು ಕುಡಿದೆ. ಕೋರ್ಸಿನ ಮಾತನ್ನು ಹುಡುಗಿ ಎತ್ತಲೇ ಇಲ್ಲ. ತಲೆ ಒರೆಸಿಕೊಳ್ಳುತ್ತಾ ಕೂತಳು.

"ಅಳಿಯಂದಿರೇ, ಆ ಕೋರ್ಸಿನ ಕಾಗದ ಎಲ್ಲೈತಿ? ಸಹಿ ಮಾಡಿ ಕೊಡ್ರಿ" ಅಂದೆ.

ಅವನ ಬಾಯಿ ತೆರೆದೇ ಇತ್ತು. "ನೀವು ಬ್ಯಾಡ ಅಂತೀರಂತ ಇಷ್ಟು ದೂರ ಕರಕೊಂಡು ಬಂದೀನಲ್ರೀ!"

"ಹೌದು, ತಂದಿದ್ದೆ ಆ ಮಾತು. ಅದೂ ಸಮುದ್ರದಾಗ ಬಿತ್ತು. ಅದನ್ನ ಯಾರೂ ತೆಗ್ಯಾಕ ಹೋಗಬ್ಯಾಡ್ರಿ."

ಗೌರಿಯನ್ನು ಅಲ್ಲೇ ಬಿಟ್ಟು ಬಂದೆವು. ಗೊರೇಬಾಳದಲ್ಲಿ ಈರಮ್ಮ ನಾಲ್ಕು ಜನ ಹೆಂಗಸರನ್ನು ಕೂಡಿಸಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು.

"ಹೇಳಬೇ, ಒಳಗ ಏನೈತಿ?"

"ಏನಿಲ್ಲ ಹೇಳು? ಎಮ್ಮಿ ಅಂಥಾ ಮೀನ ಅದಾವ" ಎಂದು ಸುರು ಮಾಡಿದೆ. ಎಮ್ಮೆಯಂಥ ಮೀನು ತಿಮಿಂಗಿಲ ಆಗುವಷ್ಟರಲ್ಲಿ ಮಗಳು ಲಿಂಗಸುಗೂರಿನಿಂದ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ನೀರೊಳಗೆ ಮಾಸ್ತರ ತೆಗೆದದ್ದಂತೆ. ಈರಮ್ಮ ನನಗಿಂತ ಮೊದಲು ಕೈಹಾಕಿದಳು. ಹಿಂದೆ ಹೂವಿನಂಥ ಬಂಡೆಗಳು, ಬಣ್ಣಬಣ್ಣದ ಮೀನುಗಳು. ನಡುವೆ ಪೂರಿಯಂತೆ ಗಲ್ಲ ಉಬ್ಬಿಸಿಕೊಂಡ ನಾನು.

ಈರಮ್ಮ ಮೊಬೈಲನ್ನು ಮೂಗಿನ ಹತ್ತಿರ ತಂದಳು. "ಏನಬೇ ಇದು? ಕಣ್ಣ ಮುಚ್ಚೀಯಲ್ಲ!"

"ಬಾವ್ಯಾಗ ಇಳಿಯುವಾಗ ಕಣ್ಣ ತೆಗ್ಯೂ ರೂಢಿ ಇಲ್ಲ ನನಗ."

"ಅಂದ್ರ ಏನೂ ನೋಡಿಲ್ಲೇನು?"

ನಾನು ಮೊಬೈಲು ಕಿತ್ತುಕೊಂಡೆ. ಫೋಟೋದಲ್ಲಿ ಒಂದು ಹಳದಿ ಮೀನು ನನ್ನ ಮುಖದ ಗಾಜಿಗೇ ಮೂತಿ ತಾಗಿಸಿ, ಎರಡೂ ಕಣ್ಣು ಅರಳಿಸಿ, ಬಾಯಿ ತೆರೆದು ನಿಂತಿದೆ. ಆ ದಿನ ಸಮುದ್ರದಲ್ಲಿ ಯಾರಾದರೂ ಏನಾದರೂ ಹೊಸದು ನೋಡಿದ್ದರೆ ಆ ಮೀನೊಂದೇ!