ಹತ್ತು ದಿನದ ಕಡ್ಡಾಯ ರಜೆ

ವಕೀಲಮ್ಮನಿಗೆ ರಜೆ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ತಗುಲಿಕೊಂಡಿತು ಎನ್ನುವುದು ಸರಿ, ನೆಗಡಿಯ ಹಾಗೆ.

ಹನ್ನೊಂದು ವರ್ಷದ ಹಿಂದೆ, ಮಗಳು ಗುಬ್ಬಿ ಇನ್ನೂ ಹೊಟ್ಟೆಯಲ್ಲಿದ್ದಾಗ, ಅವರು ಕೋರ್ಟಿನ ಕರಿ ಕೋಟನ್ನು ಮೊಳೆಗೆ ನೇತುಹಾಕಿ ಬಣ್ಣ ತಯಾರಿಸುವ ದೊಡ್ಡ ಕಂಪನಿಯೊಂದರ ಕಂಪ್ಲಾಯನ್ಸ್ ವಿಭಾಗ ಸೇರಿದ್ದರು. ಕಾನೂನು ಮುರಿದವರನ್ನು ಬಿಡಿಸಿಕೊಂಡು ಬರುವುದಕ್ಕಿಂತ ಮುರಿಯದ ಹಾಗೆ ಕಾಯುವುದು ಸುಲಭ, ಸಂಜೆ ಆರಕ್ಕೆ ಮನೆ ಸೇರಬಹುದು ಎಂಬುದು ಅವರ ಅಂದಾಜು. (ಆರು ಗಂಟೆ ಎಂಬುದು ಗಡಿಯಾರದಲ್ಲಿ ಇದೆಯೆಂದು ಆಮೇಲೆ ಅವರು ಕೇಳಿ ಬಲ್ಲರು, ಕಂಡು ಬಲ್ಲವರಲ್ಲ.) ಕಂಪನಿ ಊರ ಗೋಡೆಗಳಿಗೆ ಬಣ್ಣ ಬಳಿಯುತ್ತಿತ್ತು, ಕಂಪನಿಯವರು ಯಾರಾದರೂ ಬಣ್ಣ ಬದಲಾಯಿಸಿದರೆ ಅದನ್ನು ಬಯಲು ಮಾಡುವುದು ವಕೀಲಮ್ಮನ ಕೆಲಸ. ಅತ್ತೆಗೆ ಮಾತ್ರ ಈ ಇಲಾಖೆಯ ಹೆಸರು ಎಂದೂ ಬಾಯಿಗೆ ಹತ್ತಲಿಲ್ಲ. ಪಕ್ಕದ ಮನೆಯವರು ಕೇಳಿದಾಗಲೆಲ್ಲ, "ನಮ್ಮ ಸೊಸೆ ಕಂಪ್ಲೇಂಟ್ ಡಿಪಾರ್ಟ್‌ಮೆಂಟಲ್ಲಿದ್ದಾಳೆ. ಮನೇಲೂ ಅದೇ ಕೆಲಸ" ಎಂದು ಹೇಳಿ ಬರುತ್ತಿದ್ದರು.

ರಜೆಯ ನಿಯಮ ವಕೀಲಮ್ಮನದೇ ಕೈಚಳಕ. ಸೂಕ್ಷ್ಮ ಹುದ್ದೆಯಲ್ಲಿರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಹತ್ತು ದಿನ ಸತತವಾಗಿ ಮನೆಯಲ್ಲಿರಬೇಕು. ಅವರ ಮೇಜಿನ ಕೆಲಸವನ್ನು ಆ ಹತ್ತೂ ದಿನ ಇನ್ನೊಬ್ಬರು ಮಾಡಬೇಕು. ರಜೆಯಲ್ಲಿದ್ದವರು ಕಚೇರಿಯ ಫೋನು, ಈಮೇಲು ಯಾವುದನ್ನೂ ಮುಟ್ಟಬಾರದು. ಇದರ ಹಿಂದಿನ ತತ್ವ ಸರಳ. ಮುಚ್ಚಿಟ್ಟದ್ದು ಮುಚ್ಚಿಯೇ ಇರಬೇಕಾದರೆ ಮುಚ್ಚಳದ ಮೇಲೆ ಯಾರಾದರೂ ಕೂತೇ ಇರಬೇಕು. ಕೂತವರನ್ನು ಎಬ್ಬಿಸಿ ಕಳಿಸಿದರೆ ಒಳಗಿನದು ತಾನಾಗಿ ಉಕ್ಕುತ್ತದೆ.

ನಿಯಮ ಜಾರಿಯಾದ ದಿನ, ಅತಿ ಹೆಚ್ಚು ಕಾಲದಿಂದ ರಜೆ ಹಾಕದವರು ಯಾರೆಂದು ನಿರ್ದೇಶಕರು ಕಂಪ್ಯೂಟರನ್ನು ಕೇಳಿದರು. ಅದು ಸಂಕೋಚವೇ ಇಲ್ಲದೆ ವಕೀಲಮ್ಮನ ಹೆಸರು ಹೇಳಿತು. ಆರು ವರ್ಷ.

"ವಿಭಾಗದ ಮುಖ್ಯಸ್ಥರ ಹುದ್ದೆಗೆ ನಿಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಹೋಗಿ, ಹತ್ತು ದಿನ ಆರಾಮಾಗಿ ಇದ್ದು ಬನ್ನಿ. ಬಂದ ದಿನವೇ ಆದೇಶ ಕೊಡ್ತೀನಿ" ಎಂದರು ನಿರ್ದೇಶಕರು. ವಕೀಲಮ್ಮ ತಮ್ಮ ಮೇಜನ್ನು ಕೈಕೆಳಗಿನ ವಕೀಲೆಗೆ ಒಪ್ಪಿಸಿ ಬಂದರು. ಆಕೆಗೆ ಕಚೇರಿಯಲ್ಲಿ ಭೂತಕನ್ನಡಿ ಎಂದು ಹೆಸರು. ಪೂರ್ಣವಿರಾಮ ಕಂಡರೂ ಅದರ ಹಿಂದೆ ಏನಿದೆ ಎಂದು ಇಣುಕುವ ಹೆಂಗಸು. ಹಾಗೆ ಇಣುಕಲು ಕಲಿಸಿದ್ದು ವಕೀಲಮ್ಮನೇ.

ಮೊದಲ ದಿನ ವಕೀಲಮ್ಮ ನಿದ್ದೆ ಮಾಡಿದರು. ಎರಡನೆಯ ದಿನ ಮಸಾಲೆ ಡಬ್ಬಿಗಳಿಗೆಲ್ಲ ಹೆಸರು, ತೆರೆದ ತಾರೀಖು ಬರೆದು ಅಂಟಿಸಿದರು. ಮೂರನೆಯ ದಿನ ಗಂಡ ಹತ್ತು ನಿಮಿಷ ಮುಂಚೆಯೇ ಕ್ಲಿನಿಕ್ಕಿಗೆ ಹೊರಟರು. ಅವರು ಹಲ್ಲಿನ ಡಾಕ್ಟರು; ದಿನವಿಡೀ ಊರವರ ಬಾಯಿ ತೆರೆಸುವ ಕಸುಬಿನವರಾದ್ದರಿಂದ ಮನೆಯಲ್ಲಿ ತಮ್ಮ ಬಾಯಿಗೆ ವಿಶ್ರಾಂತಿ ಕೊಡುತ್ತಿದ್ದರು. ನಾಲ್ಕನೆಯ ದಿನ, ಶನಿವಾರ ಮಧ್ಯಾಹ್ನ, ಎಲ್ಲರೂ ಮನೆಯಲ್ಲಿದ್ದಾಗ, ಗುಬ್ಬಿಯ ಶಾಲೆಯ ಡೈರಿ ವಕೀಲಮ್ಮನ ಕೈಗೆ ಸಿಕ್ಕಿತು.

ಪುಟಪುಟದಲ್ಲೂ ತಾಯಿಯ ಸಹಿ. ಅಂದವಾದ, ಕೊನೆಯಲ್ಲಿ ಬಾಲ ಎಳೆದ, ಅವರದೇ ಸಹಿ. ತೊಂದರೆ ಒಂದೇ. ಇಡೀ ವರ್ಷದಲ್ಲಿ ಅವರು ಆ ಡೈರಿಯನ್ನು ನೋಡಿದ್ದು ಇದೇ ಮೊದಲು.

ಊಟದ ಮೇಜಿನ ಸುತ್ತ ವಿಚಾರಣೆ ಶುರುವಾಯಿತು.

"ಗುಬ್ಬಿ, ಇದು ಯಾರ ಸಹಿ?"

"ನಿಂದೇ ಅಮ್ಮ."

"ನಂದೇ. ಆದ್ರೆ ನಾನು ಹಾಕಿದ್ದಲ್ಲ."

ಗುಬ್ಬಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೇಬು ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು. "ಮಗೂನ ಯಾಕೆ ಹೆದರಿಸ್ತೀಯ? ನಾನೇ ಹಾಕಿದ್ದು. ಬ್ಯಾಂಕಲ್ಲಿ ಮೂವತ್ತು ವರ್ಷ ಸಹಿ ತಾಳೆ ನೋಡಿದ ಕಣ್ಣು ಕಣೇ ಇದು. ನಿನ್ನ ಆ ಬಾಲ ಒಂದು ಸರಿಯಾಗಿ ಬರೋಕೆ ಒಂದು ವಾರ ಹಿಡೀತು."

"ಅತ್ತೆ, ಇದಕ್ಕೆ ಫೋರ್ಜರಿ ಅಂತಾರೆ."

"ಅನ್ನಲಿ. ನೀನು ಮನೆಗೆ ಬರೋ ಹೊತ್ತಿಗೆ ಇವಳು ಮಲಗಿರ್ತಾಳೆ. ಇವಳು ಹೊರಡೋ ಹೊತ್ತಿಗೆ ನೀನು ಫೋನಲ್ಲಿರ್ತೀಯ. ಸಹಿ ಇಲ್ಲ ಅಂದ್ರೆ ಕ್ಲಾಸಿಂದ ಆಚೆ ನಿಲ್ಲಿಸ್ತಾರೆ."

"ನಿಮ್ಮ ಹೆಸರಲ್ಲೇ ಹಾಕಬಹುದಿತ್ತಲ್ಲ?"

"ನಾನು ಅದನ್ನೇ ಅಂದೆ. ಇವಳು ಕೇಳಬೇಕಲ್ಲ. ಎಲ್ಲರ ಡೈರೀಲೂ ಅಮ್ಮನ ಸಹಿನೇ ಇರತ್ತೆ, ನಂಗೂ ಅದೇ ಬೇಕು ಅಂತ ಕೂತಳು."

ವಕೀಲಮ್ಮನಿಗೆ ಎದೆಯಲ್ಲಿ ಎಲ್ಲೋ ಚುಚ್ಚಿದಂತಾಯಿತು. ಆದರೆ ವಿಚಾರಣೆಯ ನಡುವೆ ನ್ಯಾಯಾಧೀಶರಿಗೆ ಚುಚ್ಚಬಾರದು. ಆದ್ದರಿಂದ ಗಂಡನ ಕಡೆ ತಿರುಗಿದರು. "ನೀವಾದ್ರೂ ಹಾಕಬಹುದಿತ್ತು."

"ಒಂದು ಸಲ ಹಾಕಿದ್ದೆ" ಎಂದರು ಡಾಕ್ಟರು. "ಟೀಚರು ಅದನ್ನ ಔಷಧಿ ಚೀಟಿ ಅಂದ್ಕೊಂಡು, ಮಗುವಿಗೆ ಹುಷಾರಿಲ್ವಾ ಅಂತ ಕೇಳಿದ್ರು."

ವಕೀಲಮ್ಮ ಎದ್ದು ನಿಂತರು. ಪ್ರತಿ ವರ್ಷ ಕಂಪನಿಯ ಸಾವಿರ ಜನರೆದುರು ಮಾಡುವ ಭಾಷಣ ಆ ಮಧ್ಯಾಹ್ನ ಮೂವರಿಗೇ ಸಿಕ್ಕಿತು. "ಸಹಿ ಅಂದ್ರೆ ಬರೀ ಶಾಯಿ ಅಲ್ಲ, ತಿಳ್ಕೊಳ್ಳಿ. ಒಬ್ಬರು ಮಾಡಬೇಕಾದ ಕೆಲಸನ ಇನ್ನೊಬ್ಬರು ಮಾಡಿ, ಅವರೇ ಮಾಡಿದ್ರು ಅಂತ ಬರೆದಿಡೋದು ಇದ್ಯಲ್ಲ, ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ."

"ಅಮ್ಮ, ಹಾಗಾದ್ರೆ ಆವತ್ತು..." ಎಂದಳು ಗುಬ್ಬಿ.

"ಮಧ್ಯೆ ಬಾಯಿ ಹಾಕಬಾರದು."

ಅಷ್ಟರಲ್ಲಿ ಡಾಕ್ಟರ ಫೋನು ರಿಂಗಾಯಿತು. ಅವರು ಕೇಳಿಸಿಕೊಂಡು ಹೆಂಡತಿಗೆ ಚಾಚಿದರು. "ನಿನ್ನ ಭೂತಕನ್ನಡಿ."

"ರಜೆಯಲ್ಲಿರೋರಿಗೆ ಫೋನ್ ಮಾಡಬಾರದು, ಗೊತ್ತು ಮೇಡಂ" ಎಂದಿತು ಆ ಕಡೆಯ ಧ್ವನಿ. "ಆದರೆ ಅವರ ಯಜಮಾನರಿಗೆ ಮಾಡಬಾರದು ಅಂತ ನಿಯಮದಲ್ಲಿಲ್ಲ."

ಆ ತೂತು ತಮಗೆ ಕಾಣದೆ ಹೋಯಿತಲ್ಲ ಎಂದು ವಕೀಲಮ್ಮನಿಗೆ ಹೊಟ್ಟೆ ಉರಿಯಿತು. ತಾವು ತಯಾರು ಮಾಡಿದ ಹುಡುಗಿಗೆ ಕಂಡಿತಲ್ಲ ಎಂದು ಹೆಮ್ಮೆಯೂ ಆಯಿತು.

"ಹೇಳಿ, ಏನು ಸಮಾಚಾರ?"

"ಪ್ರಾಮಾಣಿಕತೆ ತರಬೇತಿಯ ಪಟ್ಟಿ ನೋಡ್ತಿದ್ದೆ. ಕಳೆದ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಹತ್ತೂವರೆಗೆ ನೀವು ಪರೀಕ್ಷೆ ಮುಗಿಸಿದ್ದೀರಿ ಅಂತಿದೆ. ನೂರಕ್ಕೆ ತೊಂಬತ್ತಾರು. ಕಂಪನಿಗೇ ಮೊದಲು."

"ಸಂತೋಷ."

"ಅದೇ ಹತ್ತೂವರೆಗೆ ನಾವಿಬ್ಬರೂ ಕಾರ್ಖಾನೆ ತಪಾಸಣೆಯಲ್ಲಿದ್ವಿ ಮೇಡಂ. ಹೆಲ್ಮೆಟ್ ಹಾಕ್ಕೊಂಡು."

ವಕೀಲಮ್ಮ ಮೆಲ್ಲಗೆ ತಿರುಗಿ ಗುಬ್ಬಿಯನ್ನು ನೋಡಿದರು. ಗುಬ್ಬಿ ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದಳು.

ಆ ಶನಿವಾರ ತರಬೇತಿಗೆ ಕೊನೆಯ ದಿನ. ಬಾಗಿಲಲ್ಲಿ ಕಾರು ಕಾಯುತ್ತಿತ್ತು. ವಕೀಲಮ್ಮ ಲ್ಯಾಪ್‌ಟಾಪು ತೆರೆದಿಟ್ಟು, "ಗುಬ್ಬಿ ಚಿನ್ನ, ಇದರಲ್ಲಿ 'ಮುಂದೆ' ಅಂತ ಬಂದಾಗ ಅದನ್ನ ಒತ್ತುತ್ತಾ ಇರು. ಕೊನೇಲಿ ಏನಾದ್ರೂ ಕೇಳಿದ್ರೆ ನಿಂಗೆ ಸರಿ ಅನ್ನಿಸಿದ್ದು ಹೇಳು" ಎಂದು ಓಡಿದ್ದರು. ಊರಿಗೆಲ್ಲ ಪ್ರಾಮಾಣಿಕತೆ ಕಲಿಸುವ ಪಾಠ ತಾವೇ ಬರೆದದ್ದು. ತಾವೇ ಯಾಕೆ ಮತ್ತೆ ಓದಬೇಕು? ಮುಖ್ಯವಾಗಿ, ಗುಬ್ಬಿ ಒಂದೂ ಪುಟ ಹಾರಿಸದೆ ಓದಿಬಿಡುತ್ತಾಳೆಂದು ಅವರಿಗೆ ಹೊಳೆದಿರಲಿಲ್ಲ.

"ಮೇಡಂ" ಎಂದಳು ಭೂತಕನ್ನಡಿ, ದನಿ ತಗ್ಗಿಸಿ. "ಕಂಪ್ಯೂಟರಿನ ಗಡಿಯಾರ ಕೆಟ್ಟಿತ್ತು ಅಂತ ಬರೆದುಬಿಡ್ಲಾ? ಆದೇಶಕ್ಕೆ ಇನ್ನು ಹೆಚ್ಚು ದಿನ ಇಲ್ಲ. ನನ್ನ ಬಿಟ್ಟು ಇನ್ಯಾರೂ ನೋಡಿಲ್ಲ."

ಮುಖ್ಯಸ್ಥೆಯ ಕೋಣೆಗೆ ಎರಡು ಕಿಟಕಿ. ಹನ್ನೊಂದು ವರ್ಷದಿಂದ ವಕೀಲಮ್ಮ ಆ ಕಿಟಕಿಗಳನ್ನು ಹೊರಗಿನ ದಾರಿಯಿಂದ ನೋಡುತ್ತ ಬಂದಿದ್ದರು. ಈಗ ಊಟದ ಮೇಜಿನಲ್ಲಿ ಮೂರು ಜೊತೆ ಕಣ್ಣು ಅವರ ಮೇಲಿತ್ತು. ಕೈಯಲ್ಲಿ ಡೈರಿ ಇತ್ತು. 'ಹ್ಞೂಂ' ಎನ್ನಲು ತುಟಿ ಒಮ್ಮೆ ತೆರೆಯಿತು ಕೂಡ. ಅತ್ತೆ ಸೇಬಿನ ಒಂದು ಹೋಳು ತಟ್ಟೆಯಲ್ಲಿಟ್ಟು ಸೊಸೆಯ ಕಡೆ ತಳ್ಳಿದರು, ಅಷ್ಟೇ.

"ಗಡಿಯಾರ ನೆಟ್ಟಗೇ ಇದೆ" ಎಂದರು ವಕೀಲಮ್ಮ. "ಕೆಟ್ಟಿದ್ದು ನಾನು. ಬರ್ಕೊಳ್ಳಿ. ಪರೀಕ್ಷೆ ಬರೆದದ್ದು ನನ್ನ ಮಗಳು. ಬರೆಸಿದ್ದು ನಾನು."

ವಕೀಲಮ್ಮ ಫೋನನ್ನು ಗಂಡನಿಗೆ ವಾಪಸು ಕೊಟ್ಟರು.

"ಸಹಿ ಅಂದ್ರೆ ಬರೀ ಶಾಯಿ ಅಲ್ಲ" ಎಂದರು ಅತ್ತೆ, ಯಾರಿಗೂ ಅಲ್ಲವೆಂಬಂತೆ.

"ತೊಂಬತ್ತಾರಾ?" ಎಂದರು ಡಾಕ್ಟರು ಮಗಳಿಗೆ. "ಗಣಿತದಲ್ಲಿ ಯಾಕೆ ಬರಲ್ಲ?"

ರಜೆ ಮುಗಿಸಿ ಹೋದಾಗ ನಿರ್ದೇಶಕರು ಆದೇಶ ತೋರಿಸಿದರು. ಎಲ್ಲ ಬರೆದಿತ್ತು, ತಾರೀಖಿನ ಜಾಗ ಮಾತ್ರ ಖಾಲಿ. "ನೀವೇ ಬರೆದ ಹದಿನಾಲ್ಕನೇ ನಿಯಮ. ಎದುರಿಗೆ ಒಬ್ಬರು ಕೂತಿರೋವಾಗ ಮತ್ತೆ ಪರೀಕ್ಷೆ ಬರೀಬೇಕು. ಪಾಸಾದ ದಿನ ತಾರೀಖು ಹಾಕ್ತೀನಿ." ಪಾಸಿಗೆ ಎಂಬತ್ತು ಅಂಕ. ಭೂತಕನ್ನಡಿ ಎದುರಿಗೆ ಕೂತಳು. ತಾವೇ ಹೆಣೆದ ಕೊಕ್ಕೆ ಪ್ರಶ್ನೆಗಳಲ್ಲಿ ಸಿಕ್ಕಿಕೊಂಡು, ಪ್ರತಿಯೊಂದಕ್ಕೂ 'ಆದರೆ' ಯೋಚಿಸಿ, ವಕೀಲಮ್ಮ ಎಪ್ಪತ್ತೆಂಟು ತೆಗೆದರು.

ಮರುಪರೀಕ್ಷೆ ಮುಂದಿನ ಶುಕ್ರವಾರ. ಗುಬ್ಬಿ ಪಾಠ ಹೇಳಿಕೊಡಲು ಒಪ್ಪಿದಳು. ಆದರೆ ಏಳೂವರೆಗೆ ಊಟ, ಎಂಟೂವರೆಗೆ ನಿದ್ದೆ. ಮೇಷ್ಟ್ರು ಸಿಗಬೇಕಾದರೆ ಆರು ಗಂಟೆಗೇ ಮನೆಯಲ್ಲಿರಬೇಕು. ಹೀಗಾಗಿ ಹನ್ನೊಂದು ವರ್ಷದಲ್ಲಿ ಮೊದಲ ಬಾರಿ, ಕೆಲಸಕ್ಕೆ ಹೋದ ದಿನವೂ, ವಕೀಲಮ್ಮ ಆರು ಗಂಟೆಯನ್ನು ಮನೆಯಲ್ಲಿ ಕಣ್ಣಾರೆ ಕಂಡರು, ನಾಲ್ಕು ದಿನ ಸಾಲಾಗಿ.

"ಅಮ್ಮ, ನೀನು ತುಂಬ ಯೋಚನೆ ಮಾಡ್ತೀಯ. ಸುಳ್ಳಾ ನಿಜಾನಾ ಅಂತ ಕೇಳಿದ್ರೆ ಅಷ್ಟೇ ಹೇಳು."

"ಅದಕ್ಕೆ ಕೆಲವು ವಿನಾಯಿತಿ ಇರತ್ತೆ ಚಿನ್ನ."

"ಎಪ್ಪತ್ತೆಂಟು ಬಂದಿದ್ದು ಅದಕ್ಕೇ."

ಪಾಠ ಮುಗಿದ ಮೇಲೆ ಗುಬ್ಬಿ ಡೈರಿ ತಂದಿಡುತ್ತಿದ್ದಳು. ವಕೀಲಮ್ಮ ಪುಟ ಪೂರ್ತಿ ಓದಿ, ಸ್ವಹಸ್ತದಿಂದ ಸಹಿ ಹಾಕುತ್ತಿದ್ದರು.

ಶುಕ್ರವಾರ ತೊಂಬತ್ನಾಲ್ಕು ಬಂತು. (ಗುರುವಿಗಿಂತ ಎರಡು ಕಡಿಮೆ.) ತಾರೀಖು ಬಿತ್ತು. ಹೊಸ ಮುಖ್ಯಸ್ಥೆ ಆದೇಶದ ಲಕೋಟೆ ಹಿಡಿದು ಆರಕ್ಕೆ ಮನೆ ಸೇರಿದರೆ, ಗುಬ್ಬಿ ಸಪ್ಪಗೆ ಡೈರಿ ಚಾಚಿದಳು. ವಾರದ ನಾಲ್ಕೂ ಸಹಿಗಳ ಸುತ್ತ ಕೆಂಪು ಶಾಯಿಯ ಸೊನ್ನೆ. ಕೆಳಗೆ ಟೀಚರ ಟಿಪ್ಪಣಿ: 'ಈ ವಾರದ ಸಹಿಗಳು ತಾಯಿಯವರದಲ್ಲವೆಂದು ಸಂಶಯ. ಹಿಂದಿನ ಸಹಿಗಳನ್ನು ಹೋಲುತ್ತಿಲ್ಲ. ದಯವಿಟ್ಟು ವಿಚಾರಿಸಿ.'

ವಕೀಲಮ್ಮ ಲಕೋಟೆ ಪಕ್ಕಕ್ಕಿಟ್ಟು ಡೈರಿಯನ್ನು ಅತ್ತೆಯ ಕಡೆ ಚಾಚಿದರು. ಅತ್ತೆ ಕನ್ನಡಕ ಏರಿಸಿ, ಡೈರಿಯನ್ನು ಬೆಳಕಿಗೆ ಹಿಡಿದು, ಹಳೆಯ ಪುಟ ಹೊಸ ಪುಟ ಎರಡನ್ನೂ ಕೌಂಟರಿನ ಹಿಂದೆ ಕೂತವರಂತೆ ನಿಧಾನವಾಗಿ ತಾಳೆ ನೋಡಿದರು.

"ಟೀಚರು ಹೇಳೋದು ಸರಿಯಾಗಿದೆ ಕಣೇ. ನಿಂಗೆ ಬಾಲ ಬಂದಿಲ್ಲ" ಎಂದು ಪಕ್ಕದ ಕುರ್ಚಿ ಎಳೆದರು. "ಬಾ, ಇಲ್ಲಿ ಕೂತ್ಕೋ. ಹೇಳ್ಕೊಡ್ತೀನಿ."