ಕನ್ಯಾಕುಮಾರಿಗೆ ಸಜ್ಜಾದ ಕ್ರೂಸರು

ನಾನು ಈಗ ಹೇಳೋದನ್ನ ನೀವು ನಂಬಲ್ಲ. ಬೇಕಾದ್ರೆ ಪಂದ್ಯ ಕಟ್ಟಿ. ಹೆಬ್ಬಾಳ ಫ್ಲೈಓವರ್ ಹತ್ತಿ ಇಳಿಯೋ ಅಷ್ಟೂ ಬೈಕಿನವರಲ್ಲಿ ನನ್ನಷ್ಟು ತಲೆ ಓಡಿಸಿ ಗಾಡಿ ರೆಡಿ ಮಾಡಿಸಿದ ಗಂಡಸು ಇನ್ನೊಬ್ಬನಿಲ್ಲ. ಆದರೆ ನಾನು ತಲೆ ಓಡಿಸಿದಾಗೆಲ್ಲ ಇಂಥವೇ ಯಾಕೆ ನಡೆಯುತ್ತವೆ ಅನ್ನೋದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ನಾನು ಹುಣಸಮಾರನಹಳ್ಳಿಯವನು. ಏರ್‌ಪೋರ್ಟಿನಲ್ಲಿ ಟ್ರಾಲಿ ಸೂಪರ್‌ವೈಸರ್. ಪ್ರಯಾಣಿಕರು ಎಲ್ಲೆಂದರಲ್ಲಿ ಬಿಟ್ಟುಹೋದ ಟ್ರಾಲಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ರೈಲಿನ ಹಾಗೆ ನಾನು ತಿರುಗಿಸೋದು ನೋಡಿದರೆ ವಿಮಾನ ಇಳಿಸೋ ಪೈಲಟ್ಟೂ ಕೈ ಮುಗಿಯಬೇಕು. ಅಂಥವನು ಸಹಕಾರನಗರದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕ್ ತಗೊಂಡೆ. ಉದ್ದನೆ ಮೈ, ಇಳಿಬಿದ್ದ ಹೊಟ್ಟೆ. ನಿಲ್ಲಿಸಿದರೆ ಗಬ್ಬದ ಎಮ್ಮೆ ನಿಂತ ಹಾಗೆ.

ಯಲಹಂಕದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಒಂದು ಬೈಕ್ ಗುಂಪಿತ್ತು. ಮಳೆಗಾಲ ಮುಗಿದ ಮೇಲೆ ಕನ್ಯಾಕುಮಾರಿಗೆ ಹೊರಟಿದ್ದರು. ಗುಂಪಿನ ಹಿರಿಯರು ಮಿಲಿಟರಿಯಿಂದ ರಿಟೈರ್ ಆದವರು; ಎಲ್ಲರೂ ಲೀಡರ್ ಸಾರ್ ಅನ್ನುತ್ತಿದ್ದರು. ನಾನೂ ಬರ್ತೀನಿ ಅಂದಾಗ ಅವರು ಹೇಳಿದ್ದು ಇಷ್ಟೇ: "ದೂರದ ದಾರಿಯಪ್ಪ. ಗಾಡಿ ಆರಾಮಾಗಿರ್ಬೇಕು. ಮೊದಲು ನಮ್ ಜೊತೆ ಲೇಪಾಕ್ಷಿಗೆ ಬಾ. ಆಮೇಲೆ ನೋಡೋಣ."

ಅವರು "ನೋಡೋಣ" ಅಂದರು. ನಾನು ಊರಿನ ಟೀ ಅಂಗಡಿಗೆ ಬಂದು, "ಕನ್ಯಾಕುಮಾರಿಗೆ ಅಷ್ಟೂ ಗಾಡಿಗಳ ಮುಂದೆ ನಂದೇ ಇರೋದು" ಅಂದೆ. ಸಂಜೆಯೊಳಗೆ ಹುಣಸಮಾರನಹಳ್ಳಿಗೆಲ್ಲ ಸುದ್ದಿ. ಇನ್ನು ಲೀಡರ್ ಸಾರ್ ನನ್ನನ್ನು ಬಿಟ್ಟುಹೋದರೆ ನಾನು ಮನೆಗಳ ಹಿತ್ತಲ ಕಡೆಯಿಂದಲೇ ಓಡಾಡಬೇಕು.

ನನಗೆ ಬರುವ ಉರ್ದು

ಮೊದಲು ಸೀಟು. ಆರ್.ಟಿ. ನಗರದಲ್ಲಿ ಸೀಟ್ ಹೊಲಿಯುವ ಸಾಬರೊಬ್ಬರ ಅಂಗಡಿಗೆ ಹೋದೆ. ಜೊತೆಗೆ ಕೆಲಸ ಮಾಡೋ ಹುಡುಗರೆಲ್ಲ ಉರ್ದು ಮಾತಾಡೋರು, ಹಾಗಾಗಿ ನನಗೆ ಉರ್ದು ಅಂದರೆ ನೀರು ಕುಡಿದ ಹಾಗೆ. ಒಳಗೆ ಕಾಲಿಡುವಾಗಲೇ, "ಉರ್ದುನಲ್ಲೇ ಮಾತಾಡಿ, ಪರವಾಗಿಲ್ಲ" ಅಂದೆ.

ಸಾಬರು ಸೀಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಗದ್ದಿ ಬದಲ್ನಾ ಪಡ್ತಾ ಭಾಯ್."

ನನಗೆ ಉರಿದುಹೋಯಿತು. "ಗಾಡಿ ಯಾಕ್ರೀ ಬದಲಾಯಿಸ್ಲಿ? ಮೊನ್ನೆ ತಗೊಂಡಿದೀನಿ!"

"ನಕ್ಕೋ ಭಾಯ್, ಗದ್ದಿ. ಪೂರಾ ಬೈಠ್ ಗಯೀ."

"ಬೈಠ್ ಗಯೀನಾ? ಕೂತ್ಹೋಗಿದ್ಯಾ? ಕೇಳ್ರೀ ಇಲ್ಲಿ!" ಅಂತ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುಗಿಸಿದೆ. ಪಕ್ಕದ ಬೇಕರಿಯವರು ಹೊರಗೆ ಬಂದರು. ಎದುರಿನ ಟೈಲರ್ ಮೆಷಿನ್ ನಿಲ್ಲಿಸಿದ. "ಇದು ಕೂತ್ಹೋಗಿರೋ ಗಾಡೀನಾ? ಹೇಳಿ! ಇಂಜಿನ್ ನೋಡ್ದೇನೇ ಗಾಡಿ ಬದಲಾಯ್ಸು ಅಂತೀರಲ್ಲ!"

ಸಾಬರು ಇಂಜಿನ್ ಆಫ್ ಆಗುವ ತನಕ ಕೈ ಕಟ್ಟಿ ನಿಂತಿದ್ದರು. ಆಮೇಲೆ ಅಚ್ಚ ಕನ್ನಡದಲ್ಲಿ ಹೇಳಿದರು: "ಸಾರ್, ನಿಮ್ಮ ಗಾಡಿ ಬಂಗಾರ. ಗದ್ದಿ ಅಂದ್ರೆ ನೀವು ಕೂತಿದೀರಲ್ಲ, ಅದು. ಸೀಟು. ಈಗ ಅರ್ಥ ಆಯ್ತಾ, ಇಲ್ಲಾ ಮತ್ತೆ ಉರ್ದುನಲ್ಲಿ ಹೇಳ್ಲಾ?"

ನನಗೆ ಬರುವ ಇಂಗ್ಲಿಷು

ಇನ್ನು ಉರ್ದು ಬೇಡ, ಎಲ್ಲರಿಗೂ ಗೊತ್ತಿರೋ ಇಂಗ್ಲಿಷ್ ಸೇರಿಸಿ ಹೇಳೋಣ ಅಂತ ತೀರ್ಮಾನಿಸಿದೆ.

"ನೋಡಿ ಸಾಬ್ರೇ, ಕನ್ಯಾಕುಮಾರಿ ತನಕ ಹೋಗೋದು. ಬ್ಯಾಕ್ ಮುಖ್ಯ. ಬ್ಯಾಕ್‌ಗೆ ಫುಲ್ ಆರಾಮ ಆಗ್ಬೇಕು. ಇರೋ ಒಳ್ಳೇ ಫೋಮೆಲ್ಲ ಹಾಕಿ. ಮುಂದಿಂದು ತಲೆ ಕೆಡಿಸ್ಕೋಬೇಡಿ, ಅದು ನಾನ್ ನೋಡ್ಕೋತೀನಿ."

ಬ್ಯಾಕ್ ಅಂದರೆ ನನ್ನ ಬೆನ್ನು. ಮುಂದಿಂದು ಅಂದರೆ ಹ್ಯಾಂಡಲ್ಲು. ಇದಕ್ಕಿಂತ ಬಿಡಿಸಿ ಹೇಳೋಕೆ ಯಾರಿಗಾದರೂ ಆಗುತ್ತಾ?

ವಾರ ಬಿಟ್ಟು ಹೋದರೆ ಬೈಕಿನ ಮೇಲೆ ಸಿಂಹಾಸನ ಕೂತಿತ್ತು. ಮೆರೂನ್ ರೆಕ್ಸಿನ್, ನಡುನಡುವೆ ಗುಂಡಿ, ಮೆತ್ತನೆ ದಿಂಬಿನಂಥ ಒರಗು, ಎರಡೂ ಪಕ್ಕ ಕೈ ಇಡೋಕೆ ಜಾಗ. ಎಲ್ಲಾ ಹಿಂದಿನ ಸೀಟಿಗೆ. ಸಿಂಹಾಸನ ಮುಂದಕ್ಕೂ ಚಾಚಿಕೊಂಡು, ನಾನು ಕೂರುವ ಜಾಗ ರೊಟ್ಟಿ ಲಟ್ಟಿಸುವ ಮಣೆಯಷ್ಟು ಉಳಿದಿತ್ತು. ಅಷ್ಟೇ ಗಟ್ಟಿ ಬೇರೆ.

"ಇದೇನ್ ಸಾಬ್ರೇ?"

"ಬ್ಯಾಕ್ ಅಂದ್ರಲ್ಲ ಸಾರ್. ಇದು ಬ್ಯಾಕ್." ಅವರ ಮುಖದಲ್ಲಿ ಎಂಥ ಸಂತೋಷ! "ಹಿಂದೆ ತಾಯಿನ ಕೂರಿಸ್ಕೊಂಡು ಕನ್ಯಾಕುಮಾರಿ ಯಾತ್ರೆಗೆ ಹೋಗ್ತಿದೀರಾ, ಅಲ್ವಾ? ಮುಂದೆ ನಂದು ಬಿಡಿ, ಬ್ಯಾಕ್‌ಗೆ ಆರಾಮ ಆಗ್ಬೇಕು ಅಂದ್ರಿ. ಬೀದಿಯವರಿಗೆಲ್ಲ ಹೇಳಿದೀನಿ, ಮಗ ಅಂದ್ರೆ ಇಂಗಿರ್ಬೇಕು ಅಂತ."

ಬೇಕರಿಯವರು ಹೊರಗೆ ಬಂದು ನನಗೆ ನಮಸ್ಕಾರ ಮಾಡಿದರು. ಟೈಲರ್ ಕಣ್ಣು ಒರೆಸಿಕೊಂಡ. ಈಗ ಬಿಚ್ಚಿ ಬೇರೆ ಹೊಲೀರಿ ಅನ್ನೋಕೆ ಯಾವ ಗಂಡಸಿಗೆ ಬಾಯಿ ಬರುತ್ತೆ? "ಹೌದು, ಅಮ್ಮ ಅಂದ್ರೆ ನಂಗೆ ಪ್ರಾಣ" ಅಂತ ಹೇಳಿ ಮಣೆ ಮೇಲೆ ಕೂತು ಮನೆಗೆ ಬಂದೆ.

ಹ್ಯಾಂಡಲ್ಲು

ಬೆನ್ನು ಬಗ್ಗಬಾರದು ಅಂದರೆ ಹ್ಯಾಂಡಲ್ ಎತ್ತರ ಇರಬೇಕು. ಯಶವಂತಪುರದಲ್ಲಿ ಹ್ಯಾಂಡಲ್ ಬದಲಾಯಿಸುವವನು, "ಎಷ್ಟು ಎತ್ತರ ಗುರು?" ಅಂದ. "ನಿನ್ನ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಎತ್ತರದ್ದು" ಅಂದೆ. ನಾನು ಅರ್ಧಂಬರ್ಧ ಮಾಡೋನಲ್ಲ.

ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಿದ್ದೆ, ಎರಡೂ ಕೈ ಕಿವಿಗಿಂತ ಮೇಲೆ. ಪಕ್ಕದ ಆಟೋದವನು ಕತ್ತು ಹೊರಗೆ ಹಾಕಿದ. "ಏನ್ ಮಗಾ, ಯಾರಿಗ್ ಸರೆಂಡರ್ ಆಗ್ತಿದೀಯ?"

"ಸ್ಟೈಲ್ ಕಣೋ ಇದು. ಆಟೋ ಓಡ್ಸೋ ನಿಂಗೇನ್ ಗೊತ್ತಾಗುತ್ತೆ?"

ಆಟೋದ ಹಿಂದೆ ತರಕಾರಿ ಚೀಲ ಹಿಡಿದು ಕೂತಿದ್ದ ಅಜ್ಜಿ ಅಂದಿತು: "ಸುಮ್ನಿರಪ್ಪ, ಕಂಕುಳಲ್ಲಿ ಕುರು ಎದ್ದಿರ್ಬೇಕು ಪಾಪ."

ಗಾಳಿ ತಡೆಯೋ ಗಾಜು

ಮುಂದಿನಿಂದ ಗಾಳಿ ಹೊಡೆಯಬಾರದು ಅಂತ ದೊಡ್ಡ ವಿಂಡ್‌ಶೀಲ್ಡ್ ಹಾಕಿಸಿದೆ. ಅಮ್ಮ ಬೈಕಿನ ಸುತ್ತ ಒಂದು ಸುತ್ತು ಬಂದಳು.

"ಏನ್ಲಾ ಇದು, ಗಾಡಿಗೆ ಕಿಟ್ಕಿ ಆಕ್ಸಿದೀಯ? ಊರೋರ್ ಕಣ್ಣೆಲ್ಲ ಇದ್ರ ಮ್ಯಾಗೇ ಐತೆ. ಪೂಜೆ ಮಾಡ್ದೆ ತಗೀಬ್ಯಾಡ."

ನಿಂಬೆಹಣ್ಣು, ಕರ್ಪೂರ, ಎಲ್ಲ ಆಯಿತು. ಕೊನೆಗೆ ವಿಭೂತಿ ಕಲಸಿ, ಅಂಗೈ ಅಗಲದ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಳು. ಎಲ್ಲಿ? ಸರಿಯಾಗಿ ನನ್ನ ಕಣ್ಣಿನ ಎದುರಿಗೆ.

"ಅವ್ವಾ, ದಾರಿ ಕಾಣಲ್ಲ."

"ಇವತ್ತೊಂದಿನ ಅಳಿಸ್ಬ್ಯಾಡ. ನಾಳೆ ಕಂಡ್ರೆ ಆಯ್ತದೆ."

ಗಾಜಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಇಣುಕುತ್ತಾ ಅಲ್ಲಾಳಸಂದ್ರದ ತನಕ ಬಂದೆ. ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಾಕಿದರು. ಗಾಜನ್ನು ನೋಡಿದರು, ನನ್ನನ್ನು ನೋಡಿದರು.

"ಏನಯ್ಯಾ, ಇದರಲ್ಲಿ ಮುಂದೆ ಏನಾದ್ರೂ ಕಾಣುತ್ತಾ?"

ನಾನು ಬಿಡ್ತೀನಾ? "ದೇವ್ರು ಕಾಣ್ತಾನೆ ಸಾರ್."

"ಒರೆಸ್ಕೊಂಡು ಹೋಗು. ಇಲ್ದಿದ್ರೆ ಮುಂದಿನ ಸರ್ಕಲ್ಲಲ್ಲಿ ಸಾಕ್ಷಾತ್ ಕಾಣ್ತಾನೆ."

ಲೇಪಾಕ್ಷಿ ದಾರಿ

ಆ ಭಾನುವಾರ ಬಂತು. ಯಲಹಂಕದಿಂದ ಹೊರಟಾಗ ನಾನೇ ಮುಂದೆ. ದೇವನಹಳ್ಳಿ ದಾಟೋ ಹೊತ್ತಿಗೆ ನಡುವೆ. ಚಿಕ್ಕಬಳ್ಳಾಪುರಕ್ಕೆ ನನ್ನ ಹಿಂದೆ ಯಾರೂ ಇರಲಿಲ್ಲ. ಮಣೆ ಮೇಲೆ ಕೂತ ಭಾಗಕ್ಕೆ ಸ್ಪರ್ಶಜ್ಞಾನ ಹೋಗಿತ್ತು. ಬೆನ್ನ ಹಿಂದೆಯೇ ಆ ಸಿಂಹಾಸನ ಖಾಲಿ ಬರುತ್ತಿತ್ತು, ಮಹಾರಾಜರನ್ನು ದಾರಿಯಲ್ಲಿ ಎಲ್ಲೋ ಬೀಳಿಸಿ ಬಂದವನ ಹಾಗೆ ನಾನು ಓಡಿಸುತ್ತಿದ್ದೆ.

ತಿಂಡಿಗೆ ಹೋಟೆಲ್ ಮುಂದೆ ನಿಲ್ಲಿಸಿದರು. ನನ್ನನ್ನು ಇಬ್ಬರು ಹಿಡಿದು ಇಳಿಸಿದರು. ಅಷ್ಟು ಹೊತ್ತು ಮೇಲೇ ಇದ್ದ ಕೈಗಳು ಕೆಳಗೆ ಬರಲು ಒಪ್ಪಲಿಲ್ಲ. ಹಾಗೇ ಒಳಗೆ ಹೋದೆ. ಸಪ್ಲೈಯರ್ ನಾನು ಕೈ ಎತ್ತಿ ಕರೆಯುತ್ತಿದ್ದೇನೆ ಅಂದುಕೊಂಡ. ಎರಡು ಕೈ ಎತ್ತಿದ್ದರಿಂದ ಎರಡು ಪ್ಲೇಟ್ ಇಡ್ಲಿ ತಂದಿಟ್ಟ. ನಿಂತುಕೊಂಡೇ ತಿಂದೆ.

ಹೊರಗೆ ಬಂದರೆ ಲೀಡರ್ ಸಾರ್ ನನ್ನ ಬೈಕಿನ ಮುಂದೆ ನಿಂತಿದ್ದರು. ಹ್ಯಾಂಡಲ್ ನೋಡಿದರು, ಮಣೆ ನೋಡಿದರು. "ಬೇಡಪ್ಪ. ಇದರಲ್ಲಿ ನೀನು ಲೇಪಾಕ್ಷಿ ಮುಟ್ಟಿದ್ರೆ ಹೆಚ್ಚು. ಕನ್ಯಾಕುಮಾರಿ ಮರ್ತುಬಿಡು. ಹಿಂಗೇ ವಾಪಸ್ ಹೋಗು."

ಕಣ್ಣ ಮುಂದೆ ಟೀ ಅಂಗಡಿ ಬಂತು, ಅಲ್ಲಿ ಕೂತವರೆಲ್ಲ ಬಂದರು. "ಸಾರ್, ಇನ್ನೊಂದು ಚಾನ್ಸ್..." ಅಂದೆ. ಅವರು ಆಗಲೇ ತಿರುಗಿದ್ದರು.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ಲೋಟ ಹಿಡಿದು ಸೊಂಟ ನೀವಿಕೊಳ್ಳುತ್ತಾ ಬಂದರು. ಪ್ರತಿ ಟೂರಿಗೂ ಲೀಡರ್ ಸಾರ್ ಬೈಕಿನ ಹಿಂದೆ ಕೂತು ಬರುವವರು ಅವರೇ. ಕುಡಿದು ಮುಗಿಸೋ ತನಕ ಕೂರೋಣ ಅಂತ ನನ್ನ ಹಿಂದಿನ ಸೀಟಿನ ಮೇಲೆ ಕೂತರು. ಒರಗಿದರು. ಕಣ್ಣು ಮುಚ್ಚಿದರು.

"ರೀ," ಅಂದರು, ಕಣ್ಣು ಬಿಡದೆ. "ನಾನು ಇದರಲ್ಲಿ ಬರ್ತೀನಿ."

"ಇಳಿಯೇ, ಅವನು ವಾಪಸ್ ಹೋಗ್ತಿದಾನೆ."

"ಹಾಗಾದ್ರೆ ನಾನೂ ವಾಪಸ್ ಹೋಗ್ತೀನಿ. ಇಷ್ಟು ವರ್ಷ ಊರು ತೋರಿಸ್ತೀನಿ ಅಂತ ಕರ್ಕೊಂಡ್ಹೋಗಿ ಎಲ್ಲಾ ಊರಲ್ಲೂ ಮುಲಾಮಿನ ಅಂಗಡಿ ತೋರಿಸಿದ್ರಿ. ಸಾಕು." ಆಮೇಲೆ ನನ್ನ ಕಡೆ ತಿರುಗಿದರು. "ಏನಪ್ಪ, ಹುಷಾರಾಗಿ ಓಡಿಸ್ತೀಯಾ?"

"ಮೇಡಂ, ಏರ್‌ಪೋರ್ಟಲ್ಲಿ ಕೇಳಿ ನೋಡಿ. ಎಂಥಾ ಭಾರದ ಲಗೇಜ್ ಇದ್ರೂ ಒಂದು ಗೀರು ಬೀಳ್ದಂಗೆ ಸಾಗಿಸ್ತೀನಿ."

ಮೊದಲು ನಕ್ಕವರು ಲೀಡರ್ ಸಾರ್. ಹೆಂಡತಿ ದುರುಗುಟ್ಟಿ ನೋಡಿದ ಮೇಲೆ ನಗು ನಿಲ್ಲಿಸಿ ನನಗೆ ಆರ್ಡರ್ ಕೊಟ್ಟರು: "ಆ ಹ್ಯಾಂಡಲ್ ಬದಲಾಯ್ಸು. ನೀನು ಕೂರೋ ಜಾಗಕ್ಕೂ ಏನಾದ್ರೂ ಹಾಕ್ಸು. ಕನ್ಯಾಕುಮಾರಿಗೆ ಬರ್ತಿದೀಯ."

"ಹಿಂದಿನ ಸೀಟಿಗೆ ಮಾತ್ರ ಕೈ ಹಚ್ಚಿದ್ರೆ ನೋಡು" ಅಂದರು ಮೇಡಂ.

"ಸಾರ್, ಸಾಲಲ್ಲಿ ನಾನು ಮುಂದೆ ಇರ್ಲಾ?"

"ಅವಳನ್ನ ಕೂರಿಸ್ಕೊಂಡಾ? ಎಲ್ಲರಿಗಿಂತ ಹಿಂದೆ."

ಹೀಗೆ ಕೊನೆಗೆ ನನಗೆ ಕೊಟ್ಟಿದ್ದು: ಸಾಲಿನ ಕಟ್ಟಕಡೆಯ ಜಾಗ, ಲೀಡರ್ ಸಾರ್ ಹೆಂಡತಿ, ಅವರ ಎರಡು ಬ್ಯಾಗು, ಒಂದು ಚಕ್ಕುಲಿ ಡಬ್ಬ.