ನನ್ನ ಪಿಕಪ್ಪಿನ ಅಶ್ವಶಕ್ತಿಯ ಬಗ್ಗೆ ನಜ್ಮಾ ಎಂಬ ಕುದುರೆಗೆ

ಅಬುಧಾಬಿಯ ಹೊರವಲಯದ ಸವಾರಿ ಶಾಲೆಯ ಮೂರನೇ ಲಾಯದಲ್ಲಿ ವಿರಾಜಮಾನರಾದ, ಹತ್ತೊಂಬತ್ತು ಬೇಸಿಗೆಗಳನ್ನು ಜಯಿಸಿದ, ಕಂದು ಮೈಯ ಮಾನ್ಯ ನಜ್ಮಾ ಅವರೇ,

ತಮ್ಮ ಹಲ್ಲು, ಗೊರಸು, ಅದರಲ್ಲೂ ವಿಶೇಷವಾಗಿ ಹೊಟ್ಟೆ ಕ್ಷೇಮವೆಂದು ನಂಬಿ, ಮುಸಫ್ಫಾ ನಿವಾಸಿಯೂ ಕುದುರೆಗಳ ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್ಪಿನ ಮಾಲೀಕನೂ ಆದ ಹೊನ್ನಪ್ಪನು ಸಲ್ಲಿಸುವ ದೂರು ಏನೆಂದರೆ, ಕಳೆದ ಆಗಸ್ಟಿನಲ್ಲಿ ತಾವು ನನ್ನ ಗಾಡಿಗೆ ಮಾಡಿದ ಅವಮಾನಕ್ಕೆ ಇಂದಿನವರೆಗೆ ಒಂದು ಕೆನೆತದಷ್ಟು ವಿಷಾದವೂ ತಮ್ಮಿಂದ ಬಂದಿಲ್ಲ. ತಮಗೆ ಓದು ಬಾರದು. ಬಹಿರಂಗ ಪತ್ರವಾದರೆ ಯಾರಾದರೂ ಓದಿ ಹೇಳಿಯಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಪಿಕಪ್ಪಿನ ಬಲ ಹೆಚ್ಚಿಸಬೇಕೆಂದು ನಾನು ಏಪ್ರಿಲ್‌ನಿಂದಲೇ ಯೋಜನೆ ಹಾಕಿದ್ದೆ. ನಮ್ಮ ಬೀದಿಯ ಗ್ಯಾರೇಜಿನ ಫ್ಲಾಯ್ಡ್, ಮಂಗಳೂರಿನವರು, ಎಂಜಿನ್ನಿನ ನಾಡಿ ಹಿಡಿದು ರೋಗ ಹೇಳಬಲ್ಲವರು, ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಟ್ಟರು. "ಮೊದಲು ಗೇರ್‌ಬಾಕ್ಸಿನ ಎಣ್ಣೆ ತಣ್ಣಗಿಡ್ಲಿಕ್ಕೆ ಕೂಲರ್, ಆಮೇಲೆ ಟ್ರೇಲರಿಗೆ ಒಳ್ಳೆ ಬ್ರೇಕ್. ಪವರ್ ಎಲ್ಲ ಕೊನೆಗೆ. ನೀವು ಎಳೆಯುವುದು ಜೀವ ಮಾರಾಯ್ರೆ, ಸಿಮೆಂಟ್ ಅಲ್ಲ" ಎಂದರು. ನಾನು ಆ ಪಟ್ಟಿಯನ್ನು ತಲೆಕೆಳಗು ಮಾಡಿ ಓದಿದೆ. ಏಕೆಂದರೆ ಕೂಲರ್ ಎಂಬುದು ಜಾಲರಿಯ ಹಿಂದೆ ಅಡಗಿ ಕೂರುವ ವಸ್ತು, ಅದನ್ನು ಹೊಗಳುವವರಿಲ್ಲ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಕಲಿಸಿ, ದಪ್ಪ ಹೊಗೆಕೊಳವೆ ಕೂರಿಸಿದರೆ ಹಮ್ದಾನ್ ಸ್ಟ್ರೀಟಿನಲ್ಲಿ ನಡೆಯುವವರೆಲ್ಲ ತಿರುಗಿ ನೋಡುತ್ತಾರೆ. ನೋಡಿದರು ಕೂಡ. ನನ್ನ ಹೆಂಡತಿ ರುದ್ರವ್ವ ಮಾತ್ರ ಕಿವಿ ಮುಚ್ಚಿಕೊಂಡು, "ಏನ್ರೀ, ಗಾಡಿಗೆ ಕೆಮ್ಮ ಹತ್ತೇತೇನು?" ಎಂದು ಕೇಳಿದಳು.

ರುದ್ರವ್ವನನ್ನು ತಾವು ಬಲ್ಲಿರಿ. ತಂಗಿ ತೀರಿಕೊಂಡ ಮೇಲೆ ಎಂಟು ತಿಂಗಳು ಫ್ಲ್ಯಾಟಿನ ಬಾಗಿಲು ದಾಟದಿದ್ದ ಅವಳನ್ನು, ಸವಾರಿ ಶಾಲೆ ನಡೆಸುವ ಭಟ್ಕಳದ ಸಬೀನ ಒಂದು ದಿನ ಸುಮ್ಮನೆ ಚಹಾಕ್ಕೆಂದು ಕರೆದು ತಮ್ಮ ಲಾಯದ ಮುಂದೆ ನಿಲ್ಲಿಸಿದರು. ಐವತ್ತೆರಡರ ವಯಸ್ಸಿನಲ್ಲಿ ಅವಳು ತಮ್ಮ ಬೆನ್ನೇರಿದಳು. ಮೂವತ್ತು ವರ್ಷಗಳಿಂದ ನನ್ನ ಯಾವ ಮಾತಿಗೂ ಹೂಂ ಎನ್ನದವಳು ತಾವು ಕಿವಿ ಅಲ್ಲಾಡಿಸಿದರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಈ ಸಾಧನೆಗಾಗಿ ತಮ್ಮನ್ನು ಅಭಿನಂದಿಸುತ್ತಲೇ ಮುಖ್ಯ ವಿಷಯಕ್ಕೆ ಬರುತ್ತೇನೆ.

ಆಗಸ್ಟಿನ ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಬೀನರ ಫೋನು ಬಂತು. ತಾವು ಹುಲ್ಲು ಮುಟ್ಟಿಲ್ಲ, ನೆಲ ಕೆರೆಯುತ್ತಿದ್ದೀರಿ, ಹೊರಳಾಡುತ್ತಿದ್ದೀರಿ. "ಕರುಳು ತಿರುಚಿರಬಹುದಂತೆ. ದುಬೈ ಆಸ್ಪತ್ರೆಗೆ ಈಗ್ಲೇ ಕೊಂಡ್ಹೋಗ್ಬೇಕು ಅಂತಾರೆ ಡಾಕ್ಟರ್. ಯಲ್ಲಾ, ಬೇಗ ಬನ್ನಿ" ಎಂದರು. ನಾನೂ ರುದ್ರವ್ವನೂ ಬಂದೆವು. ಆದರೆ ನನ್ನ ಪಿಕಪ್ಪಿನ ಗರ್ಜನೆ ಕೇಳಿದ್ದೇ ತಾವು ನಾಲ್ಕು ಕಾಲುಗಳನ್ನೂ ನೆಲಕ್ಕೆ ನೆಟ್ಟಿರಿ. ನಾವು ಮೂವರು ಎಳೆದೆವು, ತಳ್ಳಿದೆವು, ಬೇಡಿದೆವು. ಇಪ್ಪತ್ತು ನಿಮಿಷ ವ್ಯರ್ಥವಾಯಿತು, ತಮ್ಮ ಕುತ್ತಿಗೆಯ ಮೇಲೆ ಬೆವರು ನೊರೆಯಾಗಿತ್ತು. ಆಗ ರುದ್ರವ್ವ ನನ್ನ ಕಡೆ ತಿರುಗಿ, "ಮೊದ್ಲ ಅದರ ಬಾಯಿ ಮುಚ್ಚಸ್ರಿ" ಎಂದಳು. ನಾನು ಎಂಜಿನ್ ಆರಿಸಿದೆ. ತಾವು ಅವಳ ಹಿಂದೆ ತಲೆತಗ್ಗಿಸಿ ಟ್ರೇಲರ್ ಹತ್ತಿದಿರಿ. ಇನ್ನೂರು ಅಶ್ವಶಕ್ತಿಯೆಂದು ನಾನು ಊರೆಲ್ಲ ಸಾರಿದ್ದೆ. ಇನ್ನೂರು ಕುದುರೆಗಳ ಮಾನವನ್ನು ಕಾಯಿಲೆ ಬಿದ್ದ ಒಂದೇ ಕುದುರೆ ಕಳೆಯಿತು.

ಮುಂದಿನದು ಇನ್ನೂ ಸೊಗಸು. ದುಬೈ ದಾರಿಯ ಘಂತೂತ್ ದಾಟುವಷ್ಟರಲ್ಲಿ ಗೇರ್‌ಬಾಕ್ಸ್ ಕಾದು ಕೆಂಪು ದೀಪ ಹತ್ತಿತು. ಹೊರಗೆ ನಲವತ್ತಾರು ಡಿಗ್ರಿ. ಗಾಡಿ ನಿಲ್ಲಿಸಿದರೆ ತಗಡಿನ ಟ್ರೇಲರಿನಲ್ಲಿ ತಾವು ಬೇಯುತ್ತೀರಿ. ರುದ್ರವ್ವ ಫ್ಲಾಯ್ಡ್‌ಗೆ ಫೋನು ಹಚ್ಚಿದಳು. "ಎಸಿ ಬಂದ್ ಮಾಡಿ, ಹೀಟರ್ ಹಾಕಿ, ಎಂಜಿನ್ನಿನ ಬಿಸಿ ನಿಮ್ಮ ಕಡೆ ಬರ್ಲಿ, ಅರುವತ್ತರಲ್ಲಿ ಹೋಗಿ" ಎಂದರು ಅವರು. ಆಗಸ್ಟಿನ ಮಧ್ಯಾಹ್ನ ಅರೇಬಿಯದ ಮರಳುಗಾಡಿನಲ್ಲಿ ಹೀಟರ್ ಹಾಕಿಕೊಂಡು ಹೊರಟ ದಂಪತಿಗಳು ನಾವೇ ಇರಬೇಕು. ನನ್ನ ಅಂಗೈ ಸ್ಟೀರಿಂಗಿಗೆ ಅಂಟಿತ್ತು. ರುದ್ರವ್ವ ಐದು ನಿಮಿಷಕ್ಕೊಮ್ಮೆ ಹಿಂದಿನ ಗಾಜಿನಿಂದ ಟ್ರೇಲರಿನ ಕಿಟಕಿಯಲ್ಲಿ ತಮ್ಮನ್ನು ನೋಡಿ "ನಿಂತಾಳ" ಎನ್ನುತ್ತಿದ್ದಳು. ಒಮ್ಮೆ ಮಾತ್ರ ನೋಡಿ ಸುಮ್ಮನಾದಳು. ಆ ಐದು ನಿಮಿಷದಲ್ಲಿ ನನ್ನ ಹೊಗೆಕೊಳವೆಯ ಮೇಲಿನ ಪ್ರೀತಿಯೆಲ್ಲ ಇಳಿದುಹೋಯಿತು. ಆಮೇಲೆ ಮತ್ತೆ "ನಿಂತಾಳ" ಎಂದಳು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಎಲ್ಲ ಸಿದ್ಧಮಾಡಿ, ಸಂಜೆಯವರೆಗೆ ಕಾಯೋಣವೆಂದು ಡ್ರಿಪ್ ಹಾಕಿದರು. ಐದೂವರೆಗೆ ತಾವು ಕೃಪೆಮಾಡಿ ಲದ್ದಿ ಹಾಕಿದಿರಿ. ಇನ್ನು ಶಸ್ತ್ರಚಿಕಿತ್ಸೆ ಬೇಡವೆಂದು ಡಾಕ್ಟರು ನನ್ನ ಕೈ ಕುಲುಕಿದರು, ರುದ್ರವ್ವ ಗೋಡೆಗೊರಗಿ ಅತ್ತಳು. ನಾನು ತಂದುಕೊಟ್ಟ ಯಾವ ಒಡವೆಯನ್ನೂ ಅವಳು ಆ ಲದ್ದಿಯಷ್ಟು ಅಕ್ಕರೆಯಿಂದ ನೋಡಿದ್ದಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಮರುದಿನವೇ ಫ್ಲಾಯ್ಡ್ ಕೂಲರನ್ನೂ ಬ್ರೇಕನ್ನೂ ಹಾಕಿ, ಹಳೆಯ ಕೊಳವೆ ಜೋಡಿಸಿ, ಎಂಜಿನ್ನಿಗೆ ಕಲಿಸಿದ ಪಾಠವನ್ನು ಮರೆಸಿದರು. "ನಾನು ಹೇಳಿದ್ದೆ" ಎಂದು ಅವರು ಹೇಳಲಿಲ್ಲ; ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ತಮ್ಮನ್ನು ಮರಳಿ ಕರೆತಂದ ದಿನ ಗಾಡಿ ಎಷ್ಟು ಮೌನವಾಗಿತ್ತೆಂದರೆ, ತಾವು ಹುಲ್ಲು ಅಗಿಯುವುದು ಮುಂದೆ ಕೂತ ನಮಗೆ ಕೇಳಿಸುತ್ತಿತ್ತೆಂದು ರುದ್ರವ್ವ ಇಂದಿಗೂ ಸಾಧಿಸುತ್ತಾಳೆ.

ಆದ್ದರಿಂದ ತಾವು ಇನ್ನು ಮುಂದೆ ಹೊಟ್ಟೆನೋವನ್ನು ಡಿಸೆಂಬರ್, ಜನವರಿಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂದೂ, ಕೂಲರ್ ಹಾಕಿಸುವ ಮುಂದಾಲೋಚನೆ ಮೊದಲಿನಿಂದಲೂ ನನ್ನದೇ ಆಗಿತ್ತೆಂದು ಫ್ಲಾಯ್ಡ್ ಸಮಕ್ಷಮದಲ್ಲಿ ದೃಢೀಕರಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಈಗ ಎಂಬತ್ತರ ಮೇಲೆ ವೇಗದ ಮುಳ್ಳು ಏರಿಸದ
ಹೊನ್ನಪ್ಪ

ವಿ.ಸೂ.: ರುದ್ರವ್ವ ಈಗ ಪಿಕಪ್ ಓಡಿಸಲು ಕಲಿಯುತ್ತಾಳಂತೆ. ನಾನೇ ಕಲಿಸುತ್ತೇನೆ ಎಂದರೆ, "ನಜ್ಮಾನ್ನ ಕೇಳಿ ಹೇಳ್ತೀನಿ" ಎಂದಳು. ಶಿಫಾರಸಿಗಾಗಿ ನಿನ್ನೆ ಎರಡು ಕ್ಯಾರೆಟ್ ಹಿಡಿದು ಬಂದಿದ್ದೆ. ತಾವು ಎರಡನ್ನೂ ಸ್ವೀಕರಿಸಿ ಬೆನ್ನು ತಿರುಗಿಸಿದಿರಿ. ಇದು ಅಂತಿಮ ತೀರ್ಪೋ, ಮಧ್ಯಂತರ ಆದೇಶವೋ ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.